ಎದಿ ಬ್ಯಾನಿ: ದನ-ಕುರಿಗಳ ಪುಪ್ಪುಸ, ಗುಂಡಿಗಿ ಬಗ್ಗೆ ಮನುಷ್ಯ ಕಲಿತ ಕಥಿ



ಹೋದ ಸಲ ಕಡ್ಲಿ ಬೆಳಿಗೆ ಬರೋ ಸಿಡಿ ರೋಗದ ಬಗ್ಗೆ ಬರ್ದಿದ್ದೆ. ಈ ಸಲ ಹೊಲ ಬಿಟ್ಟು ದನದ ಕೊಟ್ಟಿಗಿ, ಕುರಿ ಹಟ್ಟಿ ಕಡೆ ಬರೋಣ. ಸ್ವಲ್ಪ ಉದ್ದ ಐತಿ, ಸಮಾಧಾನದಿಂದ ಓದ್ರಿ.

ಮಳಿಗಾಲ ಹತ್ರ ಬಂತಂದ್ರ ನಮ್ಮ ಹುನಗುಂದ, ಇಳಕಲ್, ಬಾದಾಮಿ ಕಡೆ ಎರಡು ಮಾತು ಕಿವಿಗೆ ಬೀಳ್ತಾವ. ಒಂದು, "ಕುರಿ ಮೂಗು ಸೋರಾಕತ್ತಾವ". ಇನ್ನೊಂದು, "ಎತ್ತಿಗೆ ದಮ್ಮು ಹತ್ತೇತಿ". ಎರಡೂ ಎದಿಯೊಳಗಿನ ಬ್ಯಾನಿ. ಕಾಲಿನ ಹುಣ್ಣು ಕಣ್ಣಿಗೆ ಕಾಣ್ತದ, ಬಾಯಿ ಹುಣ್ಣು ಬಾಯಿ ತೆಗೆದ್ರ ಕಾಣ್ತದ. ಎದಿ ಮಾತ್ರ ಎಲುಬಿನ ಪೆಟಗಿ ಇದ್ದಂಗ, ಕೀಲಿ ಹಾಕಿಟ್ಟದ್ದು. ಒಳಗ ಪುಪ್ಪುಸ ಕೆಟ್ಟೇತೋ, ಗುಂಡಿಗಿ ಕೆಟ್ಟೇತೋ ಹೊರಗ ನಿಂತವ್ರಿಗೆ ಗೊತ್ತಾಗೂದಿಲ್ಲ. ಹಿಂಗಾಗಿ ಮನುಷ್ಯ ದನ-ಕುರಿ ಸಾಕಾಕತ್ತಿ ಸಾವಿರಾರು ವರ್ಷ ಆದ್ರೂ ಎದಿ ಬ್ಯಾನಿ ಬಗ್ಗೆ ಕಲಿತದ್ದು ಭಾಳ ತಡಾ. ಹೆಂಗ ಕಲಿತ್ರು, ಅದರಾಗ ನಮ್ಮ ಕಡೆ ಪಾಲು ಎಷ್ಟು, ನಾವು ಇನ್ನೂ ಎಲ್ಲಿ ಸಿಕ್ಕೊಂಡೀವಿ ಅನ್ನೋದನ್ನ ಇವತ್ತು ಬರೀತೀನಿ. ಕೆಲವು ಓದಿದ್ದು, ಕೆಲವು ತರಬೇತಿಯೊಳಗ ಪಶು ಡಾಕ್ಟ್ರ ಬಾಯಿಂದ ಕೇಳಿದ್ದು, ಕೆಲವು ಹಟ್ಟಿಯೊಳಗ ನೋಡಿದ್ದು.

ಮೊದಲು ನಮ್ಮ ಕನ್ನಡದ್ದೇ ಒಂದು ಸಂಗತಿ. ದನದ ವೈದ್ಯಕೀಯದ ಮ್ಯಾಲೆ ಕನ್ನಡದಾಗ ಬಂದ ಮೊದಲನೇ ಪುಸ್ತಕ "ಗೋವೈದ್ಯ". ಬರೆದವ ಚಾಲುಕ್ಯ ರಾಜಮನೆತನದ ಕೀರ್ತಿವರ್ಮ. ಇವ ನಮ್ಮ ಬಾದಾಮಿಯ ಕೀರ್ತಿವರ್ಮ ಅಲ್ಲ ಮತ್ತ. ಬಾದಾಮಿ ಅರಸ 6ನೇ ಶತಮಾನದವ. ಪುಸ್ತಕ ಬರೆದವ ಕಲ್ಯಾಣದ ಚಾಲುಕ್ಯರವ, ಆಹವಮಲ್ಲ ಸೋಮೇಶ್ವರನ ಮಗ, 6ನೇ ವಿಕ್ರಮಾದಿತ್ಯನ ತಮ್ಮ. ಅಂದ್ರ ಸುಮಾರು ಒಂಬೈನೂರು ವರ್ಷದ ಹಿಂದಿನ ಮಾತು. ಅದರಾಗ ಔಷಧನೂ ಐತಿ, ಮಂತ್ರನೂ ಐತಿ ಅಂತ ತಿಳಿದವ್ರು ಬರ್ದಾರ. ನಗಬ್ಯಾಡ್ರಿ. ಅರಮನಿಯೊಳಗ ಹುಟ್ಟಿದವ ಒಬ್ಬ ಕೂತು ದನದ ಬ್ಯಾನಿ ಬಗ್ಗೆ ಬರ್ದಾನಂದ್ರ ಆ ಕಾಲದಾಗ ದನದ ಬೆಲಿ ಎಷ್ಟಿತ್ತು ಅಂತ ಲೆಕ್ಕ ಹಾಕ್ರಿ. ಎದಿ ಒಳಗ ಕಣ್ಣು ಹೋಗದ ಕಾಲದಾಗ ಔಷಧ ಸೋತಲ್ಲಿ ಮಂತ್ರ ಬಂತು, ಅಷ್ಟ.

ನಮ್ಮ ಅಜ್ಜನ ಕಾಲಕ್ಕೂ ಹೆಚ್ಚು ಬದಲಿರಲಿಲ್ಲ. ದನ ದಮ್ಮು ಎಳೆದ್ರ ಪಕ್ಕಡಿಗೆ ಕಾದ ಕಬ್ಬಿಣದಿಂದ ಬರಿ ಹಾಕಿಸೋರು. ರೋಗ ಜೋರಾದ್ರ ಊರಾಗ ದ್ಯಾಮವ್ವ, ದುರಗವ್ವನ ಹೆಸರಿಲೆ ವಾರ ಹಿಡಿಯೋರು. ಆದ್ರ ಅವರ ಕಣ್ಣು ಸಣ್ಣದಲ್ಲ. ದನ ನಿಂತ ರೀತಿ ನೋಡಿ, ಮೊಣಕೈ ಹೊರಗ ಚಾಚಿದ್ದು ನೋಡಿ, ಮೂಗಿನ ಹೊಳ್ಳಿ ಅರಳೋದು ನೋಡಿ "ಇದು ಎದಿ ಬ್ಯಾನಿ" ಅಂತ ಹೇಳೋರು. ಇವತ್ತಿನ ಡಾಕ್ಟ್ರೂ ಮೊದಲು ಅದನ್ನ ನೋಡ್ತಾರ. ಎದಿ ಬ್ಯಾನಿ ಐತಿ ಅಂತ ಗುರುತು ಸಿಗ್ತಿತ್ತು, ಯಾವ ಬ್ಯಾನಿ ಅನ್ನೋದು ಸಿಗ್ತಿರಲಿಲ್ಲ.

ಯುರೋಪಿನಾಗ ಎದಿ ಪೆಟಗಿ ತೆರೆಯೋ ಕೆಲಸದಾಗ ದನ-ಕುದರಿ ಪಾಲೂ ಐತಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಅನ್ನೋ ಪಾದ್ರಿ ಒಂದು ಹೆಣ್ಣು ಕುದರಿಯ ರಕ್ತನಾಳಕ್ಕ ಗಾಜಿನ ಕೊಳವಿ ಕೂಡಿಸಿ ರಕ್ತ ಎಷ್ಟು ಎತ್ತರ ಏರ್ತದ ಅಂತ ಅಳೆದ. ರಕ್ತ 8 ಅಡಿ 3 ಇಂಚು ಏರ್ತು. 1733ರಾಗ ಇದನ್ನ ಪುಸ್ತಕದಾಗ ಅಚ್ಚು ಹಾಕಿಸಿದ. ಇವತ್ತು ನಾವು ದವಾಖಾನಿಗೆ ಹೋಗಿ ತೋಳಿಗೆ ಪಟ್ಟಿ ಕಟ್ಟಿಸ್ಕೊಂಡು ಬಿಪಿ ನೋಡಿಸ್ಕೋತೀವಲ್ಲ, ಅದರ ಬೇರು ಆ ಕುದರಿ ಹತ್ರ ಐತಿ. 1761ರಾಗ ಫ್ರಾನ್ಸಿನ ಲಿಯೋನ್ ಊರಾಗ ಜಗತ್ತಿನ ಮೊದಲನೇ ಪಶುವೈದ್ಯ ಶಾಲಿ ಸುರು ಆಗಾಕ ದೊಡ್ಡ ಕಾರಣ ದನದ ದೊಡ್ಡರೋಗ. 1816ರಾಗ ಫ್ರಾನ್ಸಿನ ಲೆನೆಕ್ ಅನ್ನೋ ಡಾಕ್ಟ್ರು ಕಾಗದ ಸುತ್ತಿ ರೋಗಿ ಎದಿಗೆ ಹಚ್ಚಿ ಸಪ್ಪಳ ಕೇಳಿದ್ರು, ಅದರಿಂದ ಸ್ಟೆತಸ್ಕೋಪ್ ಬಂತು. ಮನುಷ್ಯರ ಡಾಕ್ಟ್ರಿಂದ ಅದು ದನದ ಡಾಕ್ಟ್ರ ಕೊರಳಿಗೂ ಬಂತು. ಪೆಟಗಿ ಒಡೀದ ಒಳಗಿನ ಸುದ್ದಿ ಕೇಳೋ ದಾರಿ ಅದು.

ಆ ಹೊತ್ತಿಗೆ ಯುರೋಪಿನ ದನಗಳಿಗೆ ಒಂದು ಪುಪ್ಪುಸದ ಸಾಂಕ್ರಾಮಿಕ ಹತ್ತಿತ್ತು. ಇಂಗ್ಲೀಷಿನಾಗ ಉದ್ದ ಹೆಸರು, ಚಿಕ್ಕದಾಗಿ ಸಿಬಿಪಿಪಿ ಅಂತಾರ. ಪುಪ್ಪುಸ ಕಲ್ಲಾಗಿ, ಎದಿಯೊಳಗ ನೀರು ತುಂಬಿ ದನ ಸಾಯ್ತಿದ್ವು. 1852ರಾಗ ಬೆಲ್ಜಿಯಂ ದೇಶದ ಹಾಸೆಲ್ಟ್ ಊರಿನ ಲೂಯಿ ವಿಲೆಮ್ಸ್ ಅನ್ನೋ ಡಾಕ್ಟ್ರು ಒಂದು ಉಪಾಯ ಮಾಡಿದ್ರು. ಸತ್ತ ದನದ ಪುಪ್ಪುಸದ ರಸ ತಗೊಂಡು ಚಲೋ ಇದ್ದ ದನದ ಬಾಲದ ತುದಿಗೆ ಚುಚ್ಚಿದ್ರು. ಬಾಲ ಬಾತು ಕೆಲವು ಸಲ ಉದುರಿ ಬೀಳ್ತಿತ್ತು, ಆದ್ರ ದನ ಉಳೀತಿತ್ತು. ರೋಗಾಣು ಯಾವುದು ಅಂತನೂ ಗೊತ್ತಿಲ್ಲದ ಕಾಲದಾಗ ಇದು! ಆ ರೋಗಾಣುವನ್ನ ನೋಕಾರ್ ಮತ್ತು ರೂ ಅನ್ನೋರು ಬೆಳೆಸಿ ತೋರಿಸಿದ್ದು 1898ರಾಗ. ನಮ್ಮ ದೇಶದಾಗ ಈ ರೋಗ ಹೆಚ್ಚಾಗಿ ಅಸ್ಸಾಂ ಕಡೆ ಇತ್ತು. 2007ರಾಗ ಭಾರತ ಈ ರೋಗದಿಂದ ಮುಕ್ತ ಅಂತ ಜಾಗತಿಕ ಪಶು ಆರೋಗ್ಯ ಸಂಸ್ಥೆ ಒಪ್ಪಿಕೊಂತು. ಒಂದು ಪುಪ್ಪುಸದ ರೋಗನ ದೇಶದಿಂದ ಪೂರ್ತಿ ಓಡಿಸಬಹುದು ಅನ್ನೋದಕ್ಕ ಇದು ಸಾಕ್ಷಿ. ಈ ಮಾತು ನೆನಪಿಡ್ರಿ, ಮುಂದ ಬೇಕಾಗ್ತದ.

ಈಗ ನಮ್ಮ ಸೀಮಿಗೆ ಬರೋಣ. ಬ್ರಿಟಿಷರ ಕಾಲಕ್ಕ ನಾವು ಮುಂಬೈ ಪ್ರಾಂತದಾಗ ಇದ್ವಿ. ಮೊದಲು ಕಲಾದಗಿ ಜಿಲ್ಲೆ, ಆಮ್ಯಾಲೆ ಬಿಜಾಪುರ ಜಿಲ್ಲೆ. ಬಾಗಲಕೋಟಿ ಬ್ಯಾರೆ ಜಿಲ್ಲೆ ಆದದ್ದು 1997ರಾಗ. ದೇಶದಾಗ ದನ ಸಾಯೋದು ಬ್ರಿಟಿಷ್ ಸರ್ಕಾರಕ್ಕೂ ಬಿಸಿ ಮುಟ್ಟಿಸಿತ್ತು. 1871ರಾಗ ದನದ ಪಿಡುಗಿನ ಮ್ಯಾಲೆ ಒಂದು ಆಯೋಗದ ವರದಿ ಬಂತು. 1886ರಾಗ ಮುಂಬೈಯೊಳಗ ಪಶುವೈದ್ಯ ಕಾಲೇಜು ಸುರು ಆತು. 1889ರಾಗ ಪುಣೆಯೊಳಗ ರೋಗಾಣು ಪ್ರಯೋಗಶಾಲೆ ಸುರು ಆತು. ಊರ ನಡುವ ರೋಗಾಣು ಇಟ್ಟುಕೊಳ್ಳೋದು ಅಪಾಯ ಅಂತ 1893ರಾಗ ಅದನ್ನ ಹಿಮಾಲಯದ ಮುಕ್ತೇಶ್ವರಕ್ಕ ಒಯ್ದರು. ಆಕಡೆ ಮೈಸೂರು ಸಂಸ್ಥಾನದವ್ರು 1925ರಾಗ ಬೆಂಗಳೂರಿನ ಹೆಬ್ಬಾಳದಾಗ ತಮ್ಮದೇ ಸೀರಂ ಸಂಸ್ಥೆ ಮಾಡ್ಕೊಂಡ್ರು. 1956ರಾಗ ರಾಜ್ಯ ಒಂದಾದ ಮ್ಯಾಲೆ ಹೆಬ್ಬಾಳ ನಮಗೂ ಸಂಬಂಧ ಆತು. ಇವತ್ತಿಗೂ ಅಲ್ಲಿ ದನ-ಕುರಿ ಲಸಿಕಿ ತಯಾರಾಗ್ತಾವ.

ಇಷ್ಟೆಲ್ಲ ನಡೆದದ್ದು ಹೆಚ್ಚಾಗಿ ದನದ ದೊಡ್ಡರೋಗದ ಸಲುವಾಗಿ. ಕುರಿ, ಆಡು ಲೆಕ್ಕಕ್ಕ ಬಂದಿರಲಿಲ್ಲ. ಕುರಿ ಮೂಗು ಸೋರಿ, ಕೆಮ್ಮಿ, ಹೇತು ಸತ್ರ "ದೊಡ್ಡರೋಗನ ಕುರಿಗೂ ಬಂತು" ಅನ್ನೋರು, ಇಲ್ಲಂದ್ರ "ಗಂಟಲು ಬ್ಯಾನಿ, ಥಂಡಿ ಹತ್ತೇತಿ" ಅನ್ನೋರು. ನಿಜವಾದ ಹೆಸರು ಗೊತ್ತಾಗಾಕ 1987 ಬರಬೇಕಾತು.

ಆ ವರ್ಷ ತಮಿಳುನಾಡಿನ ಅರಸೂರು ಅನ್ನೋ ಹಳ್ಳಿಯೊಳಗ ಕುರಿ ಸಾಯಾಕತ್ತಿದ್ವು. ಅಲ್ಲಿನ ಪಶುವೈದ್ಯರು "ಥಂಡಿ" ಅಂತ ಬರೆದು ಕೈ ತೊಳಕೊಳ್ಳಲಿಲ್ಲ. ಮಾದರಿ ತೆಗೆದ್ರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿ ಎಂ.ಎಸ್. ಶೈಲಾ ಮತ್ತವರ ಸಂಗಡಿಗರು ಪರೀಕ್ಷಾ ಮಾಡಿ, ಇದು ದೊಡ್ಡರೋಗ ಅಲ್ಲ, ಅದರ ದಾಯಾದಿ ವೈರಸ್, ಪಿಪಿಆರ್ ಅಂತ 1989ರಾಗ ಪ್ರಕಟ ಮಾಡಿದ್ರು. ಭಾರತದಾಗ ಈ ರೋಗಕ್ಕ ಹೆಸರು ಸಿಕ್ಕಿದ್ದು ಹಿಂಗ. ಹೆಸರು ಮೂಲದಾಗ ಫ್ರೆಂಚ್, "ಸಣ್ಣ ಮೆಲುಕು ಪ್ರಾಣಿಗಳ ಪ್ಲೇಗು" ಅಂತ ಅರ್ಥ. ಆಫ್ರಿಕಾದ ಐವರಿ ಕೋಸ್ಟ್ ದೇಶದಾಗ 1942ರಾಗ ಮೊದಲ ಸಲ ಗುರುತಿಸಿದ್ರು. ಅಲ್ಲಿಂದ ನಮ್ಮ ದೇಶದಾಗ ಹೆಸರು ಹಿಡಿಯಾಕ 45 ವರ್ಷ. ಮುಂದಿನ ಕೆಲವು ವರ್ಷ "ಇದು ಬರೇ ದಕ್ಷಿಣದ ರೋಗ" ಅಂತ ತಿಳ್ಕೊಂಡಿದ್ರು. 1994ರಿಂದ ಈಚೆ ಉತ್ತರ ಭಾರತದಾಗೂ ಸಿಕ್ತು.

ಈ ರೋಗ ಕುರಿಯನ್ನ ಕೊಲ್ಲೋ ರೀತಿ ನೋಡ್ರಿ. ಮೊದಲು ಜೋರು ಜ್ವರ. ಆಮ್ಯಾಲೆ ಕಣ್ಣು, ಮೂಗು ಸೋರ್ತಾವ, ಮೂಗಿನ ಹೊಳ್ಳಿ ಗಟ್ಟಿಯಾಗಿ ಕಟ್ಕೋತಾವ. ಬಾಯಾಗ ಹುಣ್ಣು, ನೀರಿನಂಗ ಉಚ್ಚಾಟ. ವೈರಸ್ಸು ಮೈಯಾಗಿನ ಕಾವಲುಗಾರ ಕಣಗಳನ್ನ ಮೊದಲು ಹೊಡೀತದ. ಕಾವಲು ಸತ್ತ ಮ್ಯಾಲೆ ಮೂಗಿನಾಗ ಸುಮ್ಮನ ಕೂತಿದ್ದ ಬ್ಯಾರೆ ರೋಗಾಣುಗಳು ಪುಪ್ಪುಸಕ್ಕ ಇಳೀತಾವ, ನಿಮೋನಿಯಾ ಆಗ್ತದ. ಹಿಂದಿನವ್ರು ಪುಪ್ಪುಸದಾಗ ಆ ಎರಡನೇ ರೋಗಾಣು ನೋಡಿ "ಇದ ಕಾರಣ" ಅಂತ ಮೋಸ ಹೋದ್ರು. ಮನಿ ಬಾಗಲಾ ಮುರಿದವ ಒಬ್ಬ, ಒಳಗ ಸಿಕ್ಕವ ಇನ್ನೊಬ್ಬ. ಅದಕ್ಕ ಆಂಟಿಬಯೋಟಿಕ್ ಸೂಜಿ ಮಾಡಿದ್ರ ಕೆಲವು ಕುರಿ ಉಳೀತಾವ, ಆದ್ರ ರೋಗ ಹಿಂಡಿನಾಗ ಹಬ್ಬೋದು ನಿಲ್ಲೂದಿಲ್ಲ. ವೈರಸ್ಸಿಗೆ ಆ ಸೂಜಿ ತಾಕೂದ ಇಲ್ಲ.

ಹೆಸರು ಸಿಕ್ಕ ಮ್ಯಾಲೆ ಲಸಿಕಿ ಬಂತು. ಮೊದಮೊದಲು ದೊಡ್ಡರೋಗದ ಲಸಿಕಿನ ಕುರಿಗೂ ಹಾಕ್ತಿದ್ರು, ದಾಯಾದಿ ವೈರಸ್ ಆದ್ದರಿಂದ ಅದು ಕೆಲಸ ಮಾಡ್ತಿತ್ತು. ಆದ್ರ ದೊಡ್ಡರೋಗ ದೇಶದಿಂದ ಹೋಗೇತಿ ಅಂತ ಸಾಬೀತು ಮಾಡಬೇಕಾದ್ರ ಆ ಲಸಿಕಿ ನಿಲ್ಲಿಸಬೇಕು. ಇಲ್ಲಂದ್ರ ರಕ್ತ ಪರೀಕ್ಷಾದಾಗ ರೋಗದಿಂದ ಬಂದ ಗುರುತು ಯಾವುದು, ಲಸಿಕಿಯಿಂದ ಬಂದ ಗುರುತು ಯಾವುದು ಅಂತ ತಿಳಿಯೂದಿಲ್ಲ. ಹಿಂಗಾಗಿ ಪಿಪಿಆರ್‌ಗೆ ಅದರದ್ದೇ ಲಸಿಕಿ ಬೇಕಾತು. ಮುಕ್ತೇಶ್ವರದವ್ರು ಹಿಮಾಚಲದ ಸುಂಗ್ರಿ ಅನ್ನೋ ಊರಿನ ಆಡಿನಿಂದ ವೈರಸ್ ತಗೊಂಡು ಪಳಗಿಸಿದ್ರು, ಅದ "ಸುಂಗ್ರಿ 96". ತಮಿಳುನಾಡಿನವ್ರು ಅರಸೂರಿನ ವೈರಸ್‌ನಿಂದ "ಅರಸೂರು 87" ಮಾಡಿದ್ರು. ಯಾವುದೋ ಹಳ್ಳಿಯ ಒಬ್ಬ ಬಡ ಕುರಿಗಾರನ ಕುರಿ ಸತ್ತದ್ದು ದಂಡ ಆಗಲಿಲ್ಲ, ಊರ ಹೆಸರು ಲಸಿಕಿ ಹೆಸರಾಗಿ ಉಳೀತು. ಒಂದು ಸಲ ಹಾಕಿದ್ರ ಮೂರು ವರ್ಷ ಕಾಯ್ತದ. ಚರ್ಮದ ಕೆಳಗ ಬರೇ 1 ಮಿಲಿ.

ಅತ್ತ ದೊಡ್ಡರೋಗ 1995ರಾಗ ನಮ್ಮ ದೇಶದಾಗ ಕಡೀ ಸಲ ಕಾಣಿಸ್ಕೊಂತು, 2011ರಾಗ ಇಡೀ ಜಗತ್ತಿನಿಂದ ಹೋತು. ಮನುಷ್ಯರ ಸಿಡುಬು ಬಿಟ್ರ ಹಿಂಗ ಬುಡಸಮೇತ ಹೋದ ರೋಗ ಇದೊಂದ. ಆಮ್ಯಾಲೆ 2015ರಾಗ ಐವರಿ ಕೋಸ್ಟ್‌ನ ಅಬಿಜಾನ್ ಊರಾಗ ಹಲವು ದೇಶದವ್ರು ಕೂಡಿ, 2030ರೊಳಗ ಪಿಪಿಆರ್‌ನೂ ಹಂಗ ಕಳಸಬೇಕು ಅಂತ ಠರಾವು ಮಾಡಿದ್ರು. ರೋಗ ಮೊದಲು ಸಿಕ್ಕ ದೇಶದಾಗನ ಅದರ ಸಾವಿನ ದಿನಾಂಕ ಬರೆದ್ರು. 2030 ಅಂದ್ರ ದೂರಿಲ್ರಿ.

ಇಲ್ಲಿ ನಮ್ಮ ಪಾಲಿನ ಮಾತು ಬರ್ತದ. ರೋಗ ಹೆಂಗ ತಿರಗ್ತದ? ನಮ್ಮ ಹಾಲುಮತದ ಅಣ್ಣ-ತಮ್ಮಂದಿರು ಬ್ಯಾಸಗಿಗೆ ಹಿಂಡು ಹೊಡಕೊಂಡು ಊರೂರು ದಾಟ್ತಾರ, ನಾವ ಕರೆದು ಹೊಲದಾಗ ಕುರಿ ನಿಲ್ಲಿಸ್ಕೋತೀವಿ, ಗೊಬ್ಬರ ಸಿಗ್ತದ. ಅದು ಚಲೋ ಪದ್ಧತಿ, ಎರಿ ಭೂಮಿ ಉಳಿದದ್ದ ಅದರಿಂದ. ಆದ್ರ ಒಂದ ಹೊಂಡದಾಗ ಎರಡು ಹಿಂಡು ನೀರು ಕುಡಿದ್ರ, ಒಂದ ಹೊಲದಾಗ ಒತ್ತಿ ಮಲಗಿದ್ರ ರೋಗಕ್ಕ ಹಬ್ಬ. ಇನ್ನೊಂದು ದಾರಿ ಸಂತಿ. ಅಮೀನಗಡ, ಕೆರೂರು ಸಂತಿಗೆ ಎಷ್ಟು ಕಡೆಯಿಂದ ಕುರಿ ಬರ್ತಾವ, ಎಷ್ಟು ಕಡೆ ಹೋಗ್ತಾವ ನಿಮಗ ಗೊತ್ತದ. ನಾಲ್ಕು ಕುರಿ ಮೂಗು ಸೋರಾಕತ್ತಿದ ಕೂಡ್ಲೆ ಮನಿಯವ್ರು ಮೊದಲು ಮಾಡೋ ಕೆಲಸ ಏನು? "ಸಾಯೋದ್ರೊಳಗ ಮಾರಿ ಬರೋಣ".

ನಾನು ಯಾರನ್ನೂ ಬಯ್ಯಾಕ ಹೊಂಟಿಲ್ಲ. ಇಪ್ಪತ್ತು ಕುರಿ ಇದ್ದವ್ರಿಗೆ ನಾಲ್ಕು ಕುರಿ ಅಂದ್ರ ಮಗಳ ಕಾಲೇಜ ಫೀ, ಸೊಸೈಟಿ ಕಂತು. ನಮ್ಮೂರಿನ ಹಿರಿಯ ಕಾಕಾ ಒಬ್ರು ಹೇಳಿದ ಮಾತು ಹೇಳ್ತೀನಿ: "ತಮ್ಮಾ, ನಾ ಸಂತಿಯಿಂದ ಎರಡು ಮರಿ ಸೋವಿ ಸಿಕ್ತಾವಂತ ತಂದೆ. ಆ ಎರಡು ಮರಿ ನನ್ನ ಅರ್ಧ ಹಿಂಡಿನ ಬೆಲಿ ಆದ್ವು." ಮಾರಿದವ ನಾಲ್ಕು ಕುರಿ ದುಡ್ಡು ಉಳಿಸ್ಕೊಂಡ. ಕೊಂಡವನ ಹಟ್ಟಿ ಖಾಲಿ ಆತು. ಕೊಂಡವ ಮುಂದಿನ ವರ್ಷ ಮಾರೋನ ಜಾಗಾದಾಗ ನಿಂತ. ಈ ಸರಪಳಿ ಒಬ್ಬರಿಂದ ಕಡಿಯೂದಿಲ್ಲ, ಊರ ಕೂಡಿ ಕಡೀಬೇಕು.

ಗುಂಡಿಗಿ ಬ್ಯಾನಿಗೆ ಬರ್ತೀನಿ. ದನಕ್ಕ ನಮ್ಮಂಗ ಸಕ್ಕರಿ, ಎಣ್ಣಿ ತಿಂದು ಗುಂಡಿಗಿ ಕೆಡೂದಿಲ್ಲ. ಅದರ ಗುಂಡಿಗಿ ಕೆಡಿಸೋರು ಹೆಚ್ಚಾಗಿ ನಾವ. ದನ ಮೇವನ್ನ ಆರಿಸಿ ತಿನ್ನೂದಿಲ್ಲ, ನಾಲಿಗಿಂದ ಬಾಚಿ ನುಂಗ್ತದ. ಕಣಿಕಿಯೊಳಗ, ಹೊಟ್ಟಿನೊಳಗ ತಂತಿ ತುಂಡು, ಮೊಳಿ ಇದ್ರ ಅವು ಜೇನುಗೂಡಿನಂಥ ಎರಡನೇ ಹೊಟ್ಟಿಯೊಳಗ ಬೀಳ್ತಾವ. ಆ ಹೊಟ್ಟಿಗೂ ಗುಂಡಿಗಿಗೂ ನಡುವ ಒಂದು ತೆಳ್ಳನ ಪರದಿ ಅಷ್ಟ. ಹೊಟ್ಟಿ ಹಿಚುಕಿದಾಗೆಲ್ಲ ತಂತಿ ಮುಂದ ಮುಂದ ಸರೀತದ, ಒಂದಿನ ಗುಂಡಿಗಿ ಚೀಲಕ್ಕ ಚುಚ್ತದ, ಅಲ್ಲಿ ಕೀವು ತುಂಬ್ತದ. ದನ ಇಳಕಲಿನಾಗ ಇಳಿಯಾಕ ಒಲ್ಲೆ ಅಂತದ, ನರಳ್ತದ, ಕೊರಳಿನ ನರ ಹಗ್ಗದಂಗ ಉಬ್ಬತಾವ, ಗಂಗೆದೊಗಲಿನಾಗ ನೀರು ಇಳೀತದ. ಅಷ್ಟೊತ್ತಿಗೆ ತಡಾ ಆಗಿರ್ತದ. ಹೊಟ್ಟಿಯೊಳಗ ಇದ್ದಾಗ ಗೊತ್ತಾದ್ರ ಡಾಕ್ಟ್ರು ಆಪರೇಶನ್ ಮಾಡಿ ತೆಗೀಬಹುದು. ಕೆಲವು ದೇಶದಾಗ ದನಕ್ಕ ಅಯಸ್ಕಾಂತ ನುಂಗಿಸಿ ಬಿಡ್ತಾರ, ತಂತಿ ಅದಕ್ಕ ಅಂಟಿ ಅಲ್ಲೇ ಕೂಡ್ತದ. ನಮಗ ಸೋವಿ ಉಪಾಯ ಅಂದ್ರ ಮನಿ ಕಟ್ಟಿದಾಗ ಉಳಿದ ಸಣ್ಣ ತಂತಿ, ಹಳೇ ಬುಟ್ಟಿ ತಂತಿ ಗ್ವಾದ್ಲಿ ಹತ್ರ, ಬಣವಿ ಹತ್ರ ಬಿಡಬಾರ್ದು. ಒಂದು ಅಯಸ್ಕಾಂತಕ್ಕ ದಾರ ಕಟ್ಟಿ ಹೊಟ್ಟಿನ ಮ್ಯಾಲೆ ಆಡಿಸಿ ನೋಡ್ರಿ, ಏನೇನು ಬರ್ತದ ನೋಡಿ ಗಾಬರಿ ಆಗ್ತೀರಿ.

ಇನ್ನೊಂದು ಗುಂಡಿಗಿ ಬ್ಯಾನಿ ಕಾಲುಬಾಯಿ ರೋಗದ್ದು. ದೊಡ್ಡ ದನಕ್ಕ ಬಾಯಿ, ಗೊರಸು ಹುಣ್ಣಾಗ್ತಾವ. ಎಳೇ ಕರಕ್ಕ ಹುಣ್ಣು ಕಾಣೋದ್ರೊಳಗ ಗುಂಡಿಗಿ ಮಾಂಸಕ್ಕ ರೋಗ ಬಡೀತದ, ಮುಂಜಾನಿ ಮೊಲಿ ಕುಡಿದ ಕರಾ ಸಂಜಿಗೆ ಸತ್ತಿರ್ತದ. ಕೊಯ್ದು ನೋಡಿದ್ರ ಗುಂಡಿಗಿ ಮ್ಯಾಲೆ ಹುಲಿಪಟ್ಟಿಯಂಗ ಬಿಳಿ-ಹಳದಿ ಗೀರು, ಅದಕ್ಕ ಡಾಕ್ಟ್ರು "ಹುಲಿ ಗುಂಡಿಗಿ" ಅಂತಾರ. ನಾವು "ದೃಷ್ಟಿ ತಾಕ್ತು" ಅಂತೀವಿ. 2019ರಿಂದ ಕೇಂದ್ರದ ಯೋಜನೆಯೊಳಗ ಈ ಲಸಿಕಿ ಪುಕ್ಕಟೆ ಐತಿ. ತಾಯಿಗೆ ಸರಿಯಾಗಿ ಹಾಕಿಸಿದ್ರ ಗಿಣ್ಣದ ಹಾಲಿನಾಗ ಕರಕ್ಕ ಮೊದಲಿನ ರಕ್ಷಣಾ ಹೋಗ್ತದ.

ಈ ಇಡೀ ಇತಿಹಾಸದಾಗ ಒಂದ ಮಾತು ಮತ್ತ ಮತ್ತ ಬರ್ತದ. ಸತ್ತ ಪ್ರಾಣಿಯ ಎದಿ ತೆಗೆದು ನೋಡಿದವ ಇದ್ದಲ್ಲಿ ರೋಗಕ್ಕ ಹೆಸರು ಸಿಕ್ತು, ಹೆಸರು ಸಿಕ್ಕಲ್ಲಿ ಲಸಿಕಿ ಬಂತು. ತಗ್ಗು ತೋಡಿ ಮುಚ್ಚಿದಲ್ಲಿ ರೋಗ ಹಂಗ ಉಳೀತು. ಜಾತ್ರಿಯೊಳಗ ಕುರಿ ಕೊಯ್ದಾಗ ಚಲೋ ಪುಪ್ಪುಸ ನೋಡೀರಿ, ತೆಳು ಗುಲಾಬಿ ಬಣ್ಣ, ಸ್ಪಂಜಿನಂಗ ಮೆತ್ತಗ, ನೀರಿಗೆ ಹಾಕಿದ್ರ ತೇಲ್ತದ. ನಿಮೋನಿಯಾ ಆದದ್ದು ಕಾರಿಜದಂಗ ಕೆಂಪಗ ಗಟ್ಟಿ, ನೀರಾಗ ಮುಳಗ್ತದ. ಡಾಕ್ಟ್ರ ಕಣ್ಣಿಗೆ ಅದ ಪುಸ್ತಕ ಇದ್ದಂಗ.

ಆದ್ರ ಒಂದು ಎಚ್ಚರಿಕಿ. ಬ್ಯಾನಿಯಿಂದ ಸತ್ತದ್ದನ್ನ ನೀವಾಗಿ ಕೊಯ್ಯಬ್ಯಾಡ್ರಿ. ಒಮ್ಮಿಂದೊಮ್ಮಿಲೆ ಸತ್ತು ಮೂಗು, ಬಾಯಿ, ಹಿಂಭಾಗದಿಂದ ಕಪ್ಪು ರಕ್ತ ಬಂದಿದ್ರ ಅದು ನೆರಡಿ ರೋಗ ಇರಬಹುದು, ಮನುಷ್ಯರಿಗೂ ಹತ್ತತದ. ಅದನ್ನ ಡಾಕ್ಟ್ರೂ ಕೊಯ್ಯೂದಿಲ್ಲ. ಫೋನ್ ಮಾಡ್ರಿ, ಅವ್ರು ಬರೋತನಕ ನಾಯಿ ಮುಟ್ಟದಂಗ ಕಾಯ್ರಿ. ಪರಿಹಾರದ ಅರ್ಜಿಗೂ ಡಾಕ್ಟ್ರ ವರದಿ ಬೇಕಾಗ್ತದ, ಅದು ಬ್ಯಾರೆ ಲಾಭ.

ಕಡೀಗೆ ನಾಲ್ಕು ಕೆಲಸ ಹೇಳ್ತೀನಿ. ಸಂತಿಯಿಂದ ತಂದ ಕುರಿ, ಆಡು ಮೂರು ವಾರ ಬ್ಯಾರೆ ಕಟ್ರಿ, ನೀರಿನ ಬಾನಿನೂ ಬ್ಯಾರೆ ಇರಲಿ. ನಾಲ್ಕು ತಿಂಗಳು ದಾಟಿದ ಮರಿಗೆ ಪಿಪಿಆರ್ ಲಸಿಕಿ ಹಾಕಿಸ್ರಿ. ಅದು ಜೀವಂತ ಲಸಿಕಿ, ನಮ್ಮ ಬಿಸಲಿಗೆ ಕೆಡ್ತದ, ಹಿಂಗಾಗಿ ಮುಂಜಾನಿ ತಂಪಿನಾಗ, ಬರ್ಫದ ಡಬ್ಬಿಯಿಂದ ತೆಗೆದದ್ದನ್ನ ಹಾಕಿಸ್ರಿ. ಗಂಟಲು ಬ್ಯಾನಿ ಲಸಿಕಿ ಮಳಿ ಹತ್ತೂ ಮುಂಚೆ ಆಗಬೇಕು. ಹಿಂಡು ನಿಲ್ಲಿಸ್ಕೊಳ್ಳೋ ಮುಂದ "ಲಸಿಕಿ ಆಗೇತೇನು ಕಾಕಾ?" ಅಂತ ಕುರಿಗಾರರನ್ನ ಕೇಳ್ರಿ, ಆಗಿಲ್ಲಂದ್ರ ಬೈದು ಕಳಿಸಬ್ಯಾಡ್ರಿ, ನಮ್ಮೂರ ದವಾಖಾನಿಯವ್ರಿಗೆ ತಿಳಿಸಿ ಹೊಲದಾಗನ ಹಾಕಿಸಿಕೊಡ್ರಿ. ಅವರ ಹಿಂಡು ಚಲೋ ಇದ್ರ ನಮ್ಮ ಹಟ್ಟಿ ಚಲೋ.

ದೊಡ್ಡರೋಗ ನೋಡಿದ ಅಜ್ಜಂದಿರು ಈಗ ಊರಿಗೆ ಒಬ್ಬಿಬ್ರು ಉಳದಾರ. ಪಿಪಿಆರ್ ಬಗ್ಗೆ ನಮ್ಮ ಮೊಮ್ಮಕ್ಕಳು "ಅದೇನದು?" ಅಂತ ಕೇಳೋ ಹಂಗ ಆಗಬೇಕು. ಮುಂದಿನ ವಾರ ನಮ್ಮೂರಾಗ ಲಸಿಕಿಗೆ ಹೆಸರು ಬರೆಸೋ ಕೆಲಸ ಸುರು ಮಾಡೂವ್ರಿದ್ದೀವಿ. ನಿಮ್ಮ ನಿಮ್ಮ ಊರಾಗೂ ಮಾಡ್ರಿ.